ಮದ್ದಿಲ್ಲದ ಸಹಜ ಹೆರಿಗೆ: ಯಾರ ಕೈಯಲ್ಲಿ, ಯಾವ ಸ್ಥಳದಲ್ಲಿ?



ಬಿತ್ತನೆಯ ಬೀಜವನ್ನು ಆರಿಸಲು ನಾವು ಮೃಗದ ಮಳೆ ಬೀಳುವ ತನಕ ಕಾಯುವುದಿಲ್ಲ. ತೊಗರಿಯಾಗಲಿ, ಸೋಯಾ ಆಗಲಿ, ಬೇಸಿಗೆಯಲ್ಲಿಯೇ ಬೀಜ ತಂದು, ನೂರು ಕಾಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಎಷ್ಟು ಮೊಳೆಯಿತೆಂದು ಎಣಿಸಿ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತೇವೆ. ಆದರೆ ಮನೆಯ ಸೊಸೆಯೋ ಮಗಳೋ ಹೆರಬೇಕಾದಾಗ, ಎಲ್ಲಿ ಹೆರಬೇಕು, ಯಾರು ಹೆರಿಗೆ ಮಾಡಿಸಬೇಕು ಎಂಬ ಮಾತು ಅನೇಕ ಮನೆಗಳಲ್ಲಿ ನೋವು ಬಂದ ಮೇಲೆಯೇ ಹೊರಡುತ್ತದೆ. ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಇದು.

ಬೀಜ ಗೊಬ್ಬರದ ಮಾತಾಡುವ ಗ್ರಾಮಸೇವಕನಿಗೆ ಹೆರಿಗೆಯ ಮಾತೇಕೆ ಎಂದು ಕೆಲವರು ಕೇಳಬಹುದು. ಹೆರಿಗೆ ಹೆಂಗಸರದಾದರೂ, ಎಲ್ಲಿಗೆ ಹೋಗಬೇಕು, ಯಾವಾಗ ಹೊರಡಬೇಕು, ಗಾಡಿ ಯಾರು ತರಬೇಕು, ದುಡ್ಡು ಯಾರು ಕೊಡಬೇಕು ಎಂಬ ತೀರ್ಮಾನ ನಮ್ಮ ಹಳ್ಳಿಗಳಲ್ಲಿ ಬಹುಮಟ್ಟಿಗೆ ಗಂಡಸರ ಕೈಯಲ್ಲಿದೆ. ಆದ್ದರಿಂದ ಈ ಲೇಖನ ಗಂಡಸರಿಗೂ ಸೇರಿದ್ದು. ಓದು ಬಾರದ ಮನೆಗಳಲ್ಲಿ ಓದಬಲ್ಲವರು ಇದನ್ನು ಗಟ್ಟಿಯಾಗಿ ಓದಿ ಹೇಳಬೇಕೆಂದು ಕೋರುತ್ತೇನೆ.

ಆಸೆ ತಪ್ಪಲ್ಲ

ಭಾಲ್ಕಿ, ಔರಾದ ಭಾಗದ ಹಿರಿಯ ತಾಯಂದಿರು, "ನಾವೆಲ್ಲ ಸೂಜಿಯಿಲ್ಲದೆ, ಮದ್ದಿಲ್ಲದೆ ಮನೆಯಲ್ಲಿಯೇ ಹೆತ್ತೆವು" ಎನ್ನುತ್ತಾರೆ. ಇಂದಿನ ಹೆಣ್ಣುಮಕ್ಕಳಲ್ಲಿಯೂ, "ಕೊಯ್ಯುವುದು ಬೇಡ, ಸಹಜವಾಗಿ ಆಗಲಿ" ಎನ್ನುವವರು ಉಂಟು. ಈ ಆಸೆಯಲ್ಲಿ ತಪ್ಪೇನೂ ಇಲ್ಲ. ಆರೋಗ್ಯವಂತ ತಾಯಿಯ ಹೆರಿಗೆಯು ರೋಗವಲ್ಲ. ದೇಹವು ತಾನೇ ಬಲ್ಲ ಕೆಲಸ.

ಭಯಕ್ಕೂ ಕಾರಣವಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ನೂರು ಹೆರಿಗೆಗಳಲ್ಲಿ ಸುಮಾರು 21 ಶಸ್ತ್ರಚಿಕಿತ್ಸೆಯಿಂದ ಆದವು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ನೂರಕ್ಕೆ ಸುಮಾರು 14. ಖಾಸಗಿ ಆಸ್ಪತ್ರೆಗಳಲ್ಲಿ ನೂರಕ್ಕೆ ಸುಮಾರು 47. ನಮ್ಮ ರಾಜ್ಯದ ಒಟ್ಟು ಲೆಕ್ಕ ನೂರಕ್ಕೆ 31ನ್ನು ದಾಟಿದೆ. ಒಂದೇ ದೇಶದ ತಾಯಂದಿರು. ಆದರೆ ಹೋದ ಬಾಗಿಲು ಬೇರೆಯಾದರೆ ಲೆಕ್ಕವೂ ಬೇರೆ. ಆದ್ದರಿಂದ ಯಾವ ಬಾಗಿಲಿಗೆ ಹೋಗುತ್ತೇವೆ ಎಂಬುದು ದೊಡ್ಡ ಮಾತು.

ಹಾಗೆಂದು ಶಸ್ತ್ರಚಿಕಿತ್ಸೆಯನ್ನು ಶತ್ರುವೆಂದು ತಿಳಿಯಬಾರದು. ಬೇಕಾದಾಗ ಅದು ಎರಡು ಜೀವಗಳನ್ನು ಉಳಿಸುತ್ತದೆ. ಬೇಡವಾದಾಗ ಮಾಡಬಾರದು, ಬೇಕಾದಾಗ ತಪ್ಪಿಸಬಾರದು. ಈ ಎರಡೂ ನಡೆಯುವ ಸ್ಥಳವನ್ನು ಹುಡುಕುವುದೇ ನಮ್ಮ ಕೆಲಸ.

ಮದ್ದು ಮೂರು ಬಗೆ

"ಮದ್ದಿಲ್ಲದ ಹೆರಿಗೆ" ಎನ್ನುವಾಗ ಯಾವ ಮದ್ದು ಎಂಬುದನ್ನು ಬಿಡಿಸಿ ನೋಡಬೇಕು. ಎಲ್ಲ ಮದ್ದನ್ನೂ ಒಂದೇ ಗೋಣಿಯಲ್ಲಿ ತುಂಬಿದರೆ ಅಪಾಯ ಉಂಟಾಗುತ್ತದೆ.

ಮೊದಲನೆಯದು ನೋವು ತಗ್ಗಿಸುವ ಮದ್ದು. ಬೆನ್ನಿನಲ್ಲಿ ಕೊಡುವ ಇಂಜೆಕ್ಷನ್ ಈ ಬಗೆಯದು. ಇದು ಬೇಕೇ ಬೇಡವೇ ಎಂಬುದು ತಾಯಿಯ ಇಷ್ಟ. ಅಡ್ಡಾಡುವುದು, ಸೊಂಟ ತಿಕ್ಕುವುದು, ಬಿಸಿನೀರಿನ ಶಾಖ, ನಿಧಾನವಾದ ಉಸಿರು, ಪಕ್ಕದಲ್ಲಿ ಧೈರ್ಯ ಹೇಳುವವರು, ಇಷ್ಟಿದ್ದರೆ ಇದಿಲ್ಲದೆಯೇ ಹೆರುವ ತಾಯಂದಿರು ಬಹಳ.

ಎರಡನೆಯದು ನೋವನ್ನು ಬಲಪಡಿಸಿ ಹೆರಿಗೆಯನ್ನು ಅವಸರ ಮಾಡುವ ಮದ್ದು. ಇದರ ಹೆಸರು ಆಕ್ಸಿಟೋಸಿನ್. ಈ ಹೆಸರು ಹೈನು ಸಾಕುವವರಿಗೆ ಹೊಸದಲ್ಲ. ಎಮ್ಮೆ ಬೇಗ ಸೊರೆಯಲೆಂದು ಕೆಲವರು ಕದ್ದು ಚುಚ್ಚುವುದು ಇದನ್ನೇ. ಹಾಗೆ ಚುಚ್ಚುವುದು ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಆಸ್ಪತ್ರೆಯಲ್ಲಿ, ತಕ್ಕ ಕಾರಣವಿದ್ದಾಗ, ಹನಿಹನಿಯಾಗಿ ಅಳೆದು, ಮಗುವಿನ ಎದೆಬಡಿತವನ್ನು ಮತ್ತೆ ಮತ್ತೆ ಕೇಳುತ್ತ ಕೊಟ್ಟರೆ ಇದು ಉಪಕಾರಿ. ಮನೆಗೆ ಬಂದ ಅರೆಬರೆ ಕಲಿತವನು ಒಂದೇ ಸೂಜಿಯಲ್ಲಿ ಚುಚ್ಚಿದರೆ ಗರ್ಭಕೋಶ ಬಿರಿಯಬಹುದು, ಮಗು ಉಸಿರುಗಟ್ಟಿ ಸಾಯಬಹುದು. ಮನೆಯಲ್ಲಿ ಹೆರಿಗೆ ಬೇಗ ಆಗಲೆಂದು ಸೂಜಿ ಚುಚ್ಚುತ್ತೇನೆ ಎನ್ನುವವರನ್ನು ಹೊಸ್ತಿಲೊಳಗೆ ಬಿಡಬೇಡಿರಿ.

ಮೂರನೆಯದು ಜೀವ ಕಾಯುವ ಮದ್ದು. ಮಗು ಹುಟ್ಟಿದ ಕೂಡಲೇ ತಾಯಿಯ ತೊಡೆಗೆ ಅದೇ ಆಕ್ಸಿಟೋಸಿನ್ನಿನ 10 ಘಟಕಗಳ ಒಂದು ಸೂಜಿ ಕೊಡುತ್ತಾರೆ. ಇದರಿಂದ ಗರ್ಭಕೋಶ ಗಟ್ಟಿಯಾಗಿ ಕುಗ್ಗಿ ರಕ್ತಸ್ರಾವ ತಗ್ಗುತ್ತದೆ. ಒಂದೇ ಮದ್ದು ಮಗು ಹುಟ್ಟುವ ಮುನ್ನ ಮನೆಯಲ್ಲಿ ಕೊಟ್ಟರೆ ವಿಷ, ಹುಟ್ಟಿದ ಮೇಲೆ ಅಮೃತ. ಹೊಲದಲ್ಲಿ ಯೂರಿಯಾ ಹಾಕುವ ಹೊತ್ತು ಅರಿತವರಿಗೆ ಈ ಮಾತು ಸುಲಭವಾಗಿ ತಿಳಿಯುವುದು. ಪೂರ್ತಿ ಸಹಜವಾಗಿ ಹೆತ್ತ ತಾಯಿಗೂ ಈ ಸೂಜಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಮಾಡಿದೆ. ರಕ್ತದೊತ್ತಡ ಏರಿ ಸೆಳೆತ ಬರುವ ಭಯವಿದ್ದಾಗ ಕೊಡುವ ಮೆಗ್ನೀಸಿಯಂ ಸಲ್ಫೇಟ್ ಕೂಡ ಈ ಬಗೆಗೆ ಸೇರಿದ್ದು.

ಒಟ್ಟಿನಲ್ಲಿ ಮೊದಲನೆಯ ಮದ್ದು ತಾಯಿಯ ಇಷ್ಟಕ್ಕೆ ಬಿಟ್ಟದ್ದು. ಎರಡನೆಯದನ್ನು ಆಸ್ಪತ್ರೆಯಲ್ಲಿ ಮಾತ್ರ, ಕಾರಣ ಕೇಳಿ ಒಪ್ಪಬೇಕು. ಮೂರನೆಯದನ್ನು ಎಂದಿಗೂ ಬೇಡವೆನ್ನಬಾರದು. ನೋವಿಗೆ ಮದ್ದು ಬೇಡವೆನ್ನಬಹುದು; ನುರಿತ ಕೈ ಬೇಡವೆನ್ನಲಾಗದು.

ಹೊತ್ತಿನ ಲೆಕ್ಕ

ಮನೆಯಲ್ಲಿಯೇ ಹೆತ್ತರೆ ಏನಾಯಿತು ಎನ್ನುವವರು ಈ ಲೆಕ್ಕವನ್ನು ನೋಡಬೇಕು. ಹೆರಿಗೆಯಾದ ಮೇಲೆ ರಕ್ತ ಹರಿಯಲು ಆರಂಭವಾಗಿ ನಿಲ್ಲದೆ ಹೋದರೆ ತಾಯಿ ಎರಡು ಗಂಟೆಯೊಳಗೆ ತೀರಿಹೋಗಬಹುದು. ಭಾಲ್ಕಿಯಿಂದ ಬೀದರಕ್ಕೆ ಸುಮಾರು 40 ಕಿಲೋಮೀಟರ್. ಔರಾದದಿಂದ ಬೀದರಕ್ಕೂ ಹೆಚ್ಚುಕಡಿಮೆ ಅಷ್ಟೇ. ದಾರಿ ಒಂದು ಗಂಟೆ ಎನ್ನೋಣ. ಹಳ್ಳಿಯಿಂದ ತಾಲ್ಲೂಕಿನ ಊರಿಗೆ ಇನ್ನರ್ಧ ಗಂಟೆ. 108ಕ್ಕೆ ಫೋನು ಮಾಡಿ ಗಾಡಿ ಬರುವ ತನಕ ಅರ್ಧ ಗಂಟೆ. ಮನೆಯವರು ಕೂಡಿ ಮಾತಾಡಿ ಒಪ್ಪುವ ಹೊತ್ತನ್ನು ಇದಕ್ಕೆ ಸೇರಿಸಿರಿ. ಎರಡು ಗಂಟೆ ದಾರಿಯಲ್ಲಿಯೇ ಮುಗಿಯಿತು.

ಯಾರಿಗೆ ರಕ್ತ ಹರಿಯುವುದೆಂದು ಮೊದಲೇ ಹೇಳಲು ಬರುವುದಿಲ್ಲ. ಮೂರು ಹೆರಿಗೆ ಸುಖವಾಗಿ ಆದವಳಿಗೂ ನಾಲ್ಕನೆಯದರಲ್ಲಿ ಆಗಬಹುದು. ಆದ್ದರಿಂದಲೇ ಹೆರಿಗೆ ಎಷ್ಟು ಸಹಜವಾಗಿರಲಿ, ಆ ಸೂಜಿಯೂ ಅದನ್ನು ಕೊಡಬಲ್ಲ ನರ್ಸಮ್ಮನೂ ಇರುವ ಕೋಣೆಯಲ್ಲಿ ಆಗಬೇಕು. 2018–20ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ತೀರಿಕೊಂಡರು. ಸಂಖ್ಯೆ ಹಿಂದಿನದಕ್ಕಿಂತ ಬಹಳ ಇಳಿದಿದೆ. ಆದರೂ ತಾಯಿ ಹೋದ ಮನೆಗೆ ಆ ಒಂದೇ ಸಂಖ್ಯೆ ಸಾಕು.

ಯಾರಿಗೆ ಯಾವ ಸ್ಥಳ?

ಗರ್ಭ ನಿಂತಿದೆ ಎಂದು ತಿಳಿದ ಕೂಡಲೇ ಆಶಾ ಕಾರ್ಯಕರ್ತೆಗೆ ಹೇಳಿ ತಾಯಿ ಕಾರ್ಡು ಮಾಡಿಸಬೇಕು. ಕನಿಷ್ಠ ನಾಲ್ಕು ಸಲ ತಪಾಸಣೆ ಆಗಬೇಕು. ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗಾಗಿ ಉಚಿತ ತಪಾಸಣೆ ಇರುತ್ತದೆ. ಈ ಯೋಜನೆ 2016ರಲ್ಲಿ ಆರಂಭವಾಯಿತು. ರಕ್ತದ ಅಂಶ, ರಕ್ತದೊತ್ತಡ, ಮಗು ಇರುವ ಬಗೆ, ಈ ಮೂರನ್ನು ಕಾರ್ಡಿನಲ್ಲಿ ಬರೆಸಿಕೊಳ್ಳಬೇಕು. ಸ್ಥಳದ ಆಯ್ಕೆ ಈ ಕಾರ್ಡಿನಿಂದಲೇ ಆಗತಕ್ಕದ್ದು.

ಎಲ್ಲವೂ ಸರಿಯಿದ್ದ ತಾಯಿಗೆ ಹಗಲಿರುಳು ನರ್ಸುಗಳಿರುವ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆ ತಕ್ಕ ಸ್ಥಳ. ಇಂಥ ಕಡೆ ಹೆಚ್ಚಿನ ಹೆರಿಗೆಗಳು ನೋವಿನ ಮದ್ದಿಲ್ಲದೆಯೇ ಆಗುತ್ತವೆ. ಸಹಜ ಹೆರಿಗೆಗಾಗಿ ದೂರದ ಪಟ್ಟಣದಲ್ಲಿ ಹಣ ಸುರಿಯಬೇಕಾಗಿಲ್ಲ.

ಕೆಳಗಿನ ಯಾವುದಾದರೂ ಒಂದು ಇದ್ದರೆ ಶಸ್ತ್ರಚಿಕಿತ್ಸೆ ಮತ್ತು ರಕ್ತದ ಏರ್ಪಾಡು ಇರುವ ಆಸ್ಪತ್ರೆಯನ್ನೇ ಮೊದಲಿನಿಂದ ಗೊತ್ತುಮಾಡಿಕೊಳ್ಳಬೇಕು:

1. ಹಿಂದಿನ ಹೆರಿಗೆ ಶಸ್ತ್ರಚಿಕಿತ್ಸೆಯಿಂದ ಆಗಿದ್ದರೆ.
2. ಅವಳಿ ಮಕ್ಕಳಿದ್ದರೆ, ಅಥವಾ ಮಗು ಅಡ್ಡವಾಗಿ ಇಲ್ಲವೆ ಕಾಲು ಮುಂದಾಗಿ ಇದ್ದರೆ.
3. ರಕ್ತದೊತ್ತಡ 140/90 ಅಥವಾ ಹೆಚ್ಚಿದ್ದರೆ. ಸಕ್ಕರೆ ಕಾಯಿಲೆ ಇದ್ದರೆ.
4. ರಕ್ತದ ಅಂಶ 7 ಗ್ರಾಮಿಗಿಂತ ಕಡಿಮೆಯಿದ್ದರೆ. 11ಕ್ಕಿಂತ ಕಡಿಮೆಯಿದ್ದರೂ ರಕ್ತಹೀನತೆಯೇ. ಕಬ್ಬಿಣದ ಮಾತ್ರೆಯನ್ನು 180 ದಿನ ತಪ್ಪದೆ ನುಂಗಿಸಬೇಕು.
5. ಹಿಂದಿನ ಹೆರಿಗೆಯಲ್ಲಿ ರಕ್ತ ಬಹಳ ಹರಿದಿದ್ದರೆ, ಅಥವಾ ಮಗು ಹೊಟ್ಟೆಯಲ್ಲಿ ಸತ್ತಿದ್ದರೆ.
6. ತಾಯಿಯ ವಯಸ್ಸು ತೀರ ಕಡಿಮೆ ಅಥವಾ 35 ದಾಟಿದ್ದರೆ.

ಬೀದರ ನಗರದಲ್ಲಿ 2007ರಲ್ಲಿ ಸ್ಥಾಪನೆಯಾದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಬ್ರಿಮ್ಸ್, ಇಂಥವರಿಗೆ ತಕ್ಕ ಸರ್ಕಾರಿ ಸ್ಥಳ. ಈ ಪಟ್ಟಿಯಲ್ಲಿರುವ ತಾಯಿಗೆ ಸಹಜ ಹೆರಿಗೆ ಆಗದೆಂದು ಅರ್ಥವಲ್ಲ. ಹಿಂದೆ ಶಸ್ತ್ರಚಿಕಿತ್ಸೆ ಆದವರಲ್ಲಿಯೂ ಕೆಲವರು ವೈದ್ಯರ ಒಪ್ಪಿಗೆಯಿಂದ ಸಹಜವಾಗಿ ಹೆರುವುದುಂಟು. ಆದರೆ ಪ್ರಯತ್ನವು ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲಲ್ಲಿ ನಡೆಯಬೇಕು, 40 ಕಿಲೋಮೀಟರ್ ದೂರದಲ್ಲಿ ಅಲ್ಲ.

ಮೊದಲೇ ಹೋಗಿ ಕೇಳಿರಿ

ಏಳನೆಯ ತಿಂಗಳಲ್ಲಿ ಗಂಡ ಹೆಂಡತಿ ಇಬ್ಬರೂ, ಜೊತೆಗೆ ಹಿರಿಯಳೊಬ್ಬಳು, ಗೊತ್ತುಮಾಡಿದ ಆಸ್ಪತ್ರೆಗೆ ಒಮ್ಮೆ ಹೋಗಿ ಬರಬೇಕು. ಸಂತೆಗೆ ಹೋದ ದಿನವೇ ಈ ಕೆಲಸ ಮುಗಿಸಬಹುದು. ಸಂಕೋಚಪಡದೆ, ಒರಟೂ ಆಗದೆ ಕೇಳಬೇಕು. ಮಾತು ಬಲ್ಲವನಿಗೆ ಜಗಳವಿಲ್ಲ. ಪ್ರಶ್ನೆಗಳು ಇವು:

ರಾತ್ರಿ ಎರಡು ಗಂಟೆಗೆ ಬಂದರೆ ಹೆರಿಗೆ ಮಾಡಿಸುವವರು ಯಾರು? ಶಸ್ತ್ರಚಿಕಿತ್ಸೆ ಬೇಕಾದರೆ ಹೆರಿಗೆ ತಜ್ಞರು, ಅರಿವಳಿಕೆ ತಜ್ಞರು ಇಲ್ಲಿಯೇ ಇರುವರೇ, ಇಲ್ಲದಿದ್ದರೆ ಎಲ್ಲಿಗೆ ಕಳುಹಿಸುವಿರಿ, ಯಾವ ಗಾಡಿಯಲ್ಲಿ?

ನೋವಿನ ಹೊತ್ತಿನಲ್ಲಿ ಮನೆಯ ಒಬ್ಬ ಹೆಂಗಸು ಜೊತೆಗೆ ಇರಬಹುದೇ? ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಜೊತೆಗಾರ್ತಿಯನ್ನು ಬಿಡಬೇಕೆಂದು ಕೇಂದ್ರ ಸರ್ಕಾರ 2016ರಲ್ಲಿಯೇ ತಿಳಿಸಿದೆ. ಇದು ಬರಿಯ ಸಮಾಧಾನದ ಮಾತಲ್ಲ. 17 ದೇಶಗಳ 15,000ಕ್ಕೂ ಹೆಚ್ಚು ತಾಯಂದಿರ ಮೇಲೆ ನಡೆದ 26 ಪ್ರಯೋಗಗಳನ್ನು 2017ರಲ್ಲಿ ಕೂಡಿಸಿ ನೋಡಿದಾಗ, ಎಡೆಬಿಡದ ಜೊತೆಯಿದ್ದವರಿಗೆ ನೋವಿನ ಹೊತ್ತು ಕಡಿಮೆಯಾಗಿ, ನೋವಿನ ಮದ್ದೂ ಶಸ್ತ್ರಚಿಕಿತ್ಸೆಯೂ ಕಡಿಮೆ ಬೇಕಾದವೆಂದು ಕಂಡುಬಂದಿತು.

ತಾಯಿ ಅಡ್ಡಾಡಬಹುದೇ, ನೀರು ಗಂಜಿ ಕುಡಿಯಬಹುದೇ, ತನಗೆ ಅನುಕೂಲವಾದ ಭಂಗಿಯಲ್ಲಿ ಹೆರಬಹುದೇ? ಅಪಾಯವಿಲ್ಲದ ತಾಯಿಗೆ ಇವೆಲ್ಲ ಸಲ್ಲುವುವೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ.

ಎಲ್ಲರಿಗೂ ರೂಢಿಯಂತೆ ಸಲೈನಿನಲ್ಲಿ ನೋವಿನ ಮದ್ದು ಹಾಕುವಿರೋ, ಕಾರಣವಿದ್ದವರಿಗೆ ಮಾತ್ರವೋ? ಹೆರಿಗೆ ದಾರಿಯನ್ನು ಕತ್ತರಿಸುವುದು ಎಲ್ಲರಿಗೋ, ಬೇಕಾದವರಿಗೋ? ಎಲ್ಲರಿಗೂ ಮಾಡುವುದು ಸರಿಯಲ್ಲವೆಂದು ಅದೇ ಸಂಸ್ಥೆ ಹೇಳಿದೆ. ಹೊಟ್ಟೆಯನ್ನು ಮೇಲಿನಿಂದ ಒತ್ತಿ ಮಗುವನ್ನು ನೂಕುವುದೂ ಕೂಡದು.

ಮಗುವಿನ ಎದೆಬಡಿತವನ್ನು ಎಷ್ಟು ಹೊತ್ತಿಗೊಮ್ಮೆ ಕೇಳುವಿರಿ? ನೋವು ಬಲವಾದ ಮೇಲೆ 15ರಿಂದ 30 ನಿಮಿಷಕ್ಕೊಮ್ಮೆ, ಮುಕ್ಕುವ ಹೊತ್ತಿನಲ್ಲಿ 5 ನಿಮಿಷಕ್ಕೊಮ್ಮೆ ಕೇಳಬೇಕು. ಮದ್ದಿಲ್ಲದ ಹೆರಿಗೆಯೆಂದರೆ ಕಾವಲಿಲ್ಲದ ಹೆರಿಗೆಯಲ್ಲ.

ಖಾಸಗಿ ಆಸ್ಪತ್ರೆಯಾದರೆ ಇನ್ನೆರಡು ಪ್ರಶ್ನೆ: ನಿಮ್ಮಲ್ಲಿ ನೂರಕ್ಕೆ ಎಷ್ಟು ಹೆರಿಗೆ ಸಹಜವಾಗಿ ಆಗುತ್ತವೆ? ಎರಡು ಬಗೆಯ ಹೆರಿಗೆಗೂ ಒಟ್ಟು ಖರ್ಚೆಷ್ಟು? ಈ ಪ್ರಶ್ನೆಗೆ ನಗುತ್ತ ಉತ್ತರ ಹೇಳುವವರನ್ನು ನಂಬಬಹುದು. ಸಿಡುಕುವವರ ವಿಷಯದಲ್ಲಿ ಎರಡು ಸಲ ಯೋಚಿಸಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಹೆರಿಗೆ, ಶಸ್ತ್ರಚಿಕಿತ್ಸೆ, ಔಷಧ, ಪರೀಕ್ಷೆ, ರಕ್ತ, ಊಟ, ಹೋಗಿಬರುವ ಗಾಡಿ ಎಲ್ಲವೂ ಉಚಿತ.

ಸೂಲಗಿತ್ತಿಯನ್ನು ಬಿಡಬೇಕೇ?

ಬಿಡಬೇಕಾಗಿಲ್ಲ, ಅವಳ ಸ್ಥಾನವನ್ನು ಬದಲಿಸಬೇಕು. ಪಾವಗಡ ಕಡೆಯ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಬಿಡಿಗಾಸು ಪಡೆಯದೆ ಮಾಡಿಸಿದರೆಂದು ಹೆಸರಾದರು. 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಇಂಥವರ ತಾಳ್ಮೆ, ಕೈಗುಣ ಯಾವ ಆಸ್ಪತ್ರೆಗೂ ಬೇಕಾದದ್ದೇ. ಆದರೆ ಎಂಥ ಕೈಗುಣವೂ ರಕ್ತದ ಬಾಟಲಿಯ ಕೆಲಸ ಮಾಡಲಾರದು.

ನಿಮ್ಮ ಊರಿನ ದಾಯಿ ಒಳ್ಳೆಯವಳಾದರೆ ಅವಳನ್ನು ಜೊತೆಗಾರ್ತಿಯಾಗಿ ಆಸ್ಪತ್ರೆಗೆ ಕರೆದೊಯ್ಯಬಹುದೇ ಎಂದು ಮೊದಲೇ ಕೇಳಿರಿ. ಸೊಂಟ ತಿಕ್ಕಲಿ, ಧೈರ್ಯ ಹೇಳಲಿ, ಬಾಣಂತನ ಮಾಡಲಿ. ಒಳಗೆ ಕೈ ಹಾಕುವುದು, ಎಣ್ಣೆ ಬಿಡುವುದು, ಹೊಟ್ಟೆ ಒತ್ತುವುದು, ಹೊಕ್ಕುಳಿಗೆ ಬೂದಿ ಸಗಣಿ ಹಚ್ಚುವುದು ಮಾತ್ರ ಬೇಡ. ಧನುರ್ವಾಯುವಿನ ಚುಚ್ಚುಮದ್ದನ್ನು ಗರ್ಭಿಣಿಗೆ ತಪ್ಪದೆ ಹಾಕಿಸಬೇಕು.

ತವರುಮನೆ ಗಡಿಯಾಚೆ ಇದ್ದರೆ

1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆ ಹಂಚಿಹೋಯಿತು. ರಾಜ್ಯಗಳ ಗಡಿ ಬಂದರೂ ಬೀಗತನ ನಿಲ್ಲಲಿಲ್ಲ. ಉದಗೀರ, ದೇಗಲೂರು, ನಾರಾಯಣಖೇಡ, ಜಹೀರಾಬಾದ ಕಡೆಯ ಹೆಣ್ಣುಮಕ್ಕಳು ಇಂದಿಗೂ ನಮ್ಮ ಸೊಸೆಯರು. ಚೊಚ್ಚಲ ಹೆರಿಗೆಗೆ ಅವರು ತವರಿಗೆ ಹೋಗುವರು. ಇಲ್ಲಿ ಆರು ತಿಂಗಳು ತಪಾಸಣೆಯಾಗಿ, ಅಲ್ಲಿ ಏನೂ ಗೊತ್ತಿಲ್ಲದ ನರ್ಸಮ್ಮನ ಮುಂದೆ ನಿಂತರೆ ಕಷ್ಟ. ತಾಯಿ ಕಾರ್ಡನ್ನು ಸೀರೆಯ ಗಂಟಿನ ಜೊತೆಗೆ ಮೊದಲು ಕಟ್ಟಿರಿ. ಎಂಟನೆಯ ತಿಂಗಳ ಒಳಗೆ ಹೋಗಿ, ಅಲ್ಲಿಯ ಆಶಾ ಕಾರ್ಯಕರ್ತೆಗೆ ಕಾರ್ಡು ತೋರಿಸಿ ಹೆಸರು ಹಚ್ಚಿಸಿರಿ. ಉಚಿತ ಹೆರಿಗೆಯ ಕಾರ್ಯಕ್ರಮ ಇಡೀ ದೇಶದ್ದು. 108 ಗಾಡಿ ಮಹಾರಾಷ್ಟ್ರ, ತೆಲಂಗಾಣಗಳಲ್ಲಿಯೂ ಉಂಟು.

ದಿನದ ಲೆಕ್ಕವನ್ನೂ ಹಾಕಿರಿ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸಿದರೆ ಹೆರಿಗೆಯ ಅಂದಾಜು ದಿನ. ನವೆಂಬರ್ 1 ಆದರೆ ಆಗಸ್ಟ್ 8. ಮೂರು ವಾರ ಮುಂಚೆ, ಎರಡು ವಾರ ತಡ ಆಗಬಹುದು. ಆಗಸ್ಟ್ ಎಂದರೆ ಮಾಂಜ್ರಾ ನದಿಯೂ ಹಳ್ಳಗಳೂ ತುಂಬುವ ಕಾಲ. ಹಳ್ಳದಾಚೆಯ ಊರಿನವರು, ತಾಂಡಾದವರು ಒಂದೆರಡು ವಾರ ಮೊದಲೇ ಆಸ್ಪತ್ರೆಯ ಹತ್ತಿರದ ನೆಂಟರ ಮನೆಗೆ ತಾಯಿಯನ್ನು ಸೇರಿಸುವುದು ಜಾಣತನ.

ತಡಮಾಡದೆ ಹೊರಡಬೇಕಾದ ಲಕ್ಷಣಗಳು

ಯಾವ ತಿಂಗಳಲ್ಲಾದರೂ ರಕ್ತ ಹೋಗುವುದು; ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಸೆಳೆತ; ಜ್ವರ; ಮಗುವಿನ ಅಲುಗಾಟ ಕಡಿಮೆಯಾಗುವುದು; ನೀರು ಒಡೆದರೂ ನೋವು ಬಾರದಿರುವುದು, ಅಥವಾ ನೀರು ಹಸಿರಾಗಿರುವುದು; ನೋವು ಬಂದು 12 ಗಂಟೆಯಾದರೂ ಹೆರಿಗೆ ಆಗದಿರುವುದು. ಅಕಸ್ಮಾತ್ ದಾರಿಯಲ್ಲೋ ಮನೆಯಲ್ಲೋ ಹೆರಿಗೆಯಾದರೆ, ಅರ್ಧ ಗಂಟೆಯಲ್ಲಿ ಸತ್ತೆ ಬೀಳದಿದ್ದರೂ, ಐದು ನಿಮಿಷದೊಳಗೆ ಒಂದು ದಪ್ಪ ಬಟ್ಟೆ ರಕ್ತದಿಂದ ತೊಯ್ದರೂ ಕೂಡಲೇ ಹೊರಡಬೇಕು. ಮಗುವನ್ನು ಒರೆಸಿ ತಾಯಿಯ ಎದೆಗೆ ಒತ್ತಿ ಹೊದಿಸಿ, ಮೊದಲ ಗಂಟೆಯಲ್ಲಿಯೇ ಮೊಲೆ ಕೊಡಿಸಿರಿ. ಸಕ್ಕರೆ ನೀರು, ಜೇನು ಬೇಡ.

ಗಂಡಸರು ಈ ವಾರವೇ ಮಾಡಬೇಕಾದದ್ದು

ಮನೆಯಲ್ಲಿ ಗರ್ಭಿಣಿ ಇದ್ದರೆ ನಾಲ್ಕು ಕೆಲಸ ಉಂಟು. ತಾಯಿ ಕಾರ್ಡನ್ನು ತೆಗೆದು ಓದುವುದು. ಆಸ್ಪತ್ರೆ ಯಾವುದು, ಅದು ಆಗದಿದ್ದರೆ ಎರಡನೆಯದು ಯಾವುದು ಎಂದು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಯುವುದು. 108 ಬರದಿದ್ದರೆ ರಾತ್ರಿಯಲ್ಲಿ ಬರಬಲ್ಲ ಊರಿನ ಜೀಪಿನವನಿಗೆ ಹೇಳಿಡುವುದು. ರಕ್ತ ಕೊಡಬಲ್ಲ ಇಬ್ಬರು ನೆಂಟರನ್ನು ಗೊತ್ತುಮಾಡುವುದು.

ಐದನೆಯದು ಎಲ್ಲಕ್ಕಿಂತ ಮುಖ್ಯ. ನೀವು ಹೊಲದಲ್ಲಿದ್ದಾಗ, ಸಂತೆಯಲ್ಲಿದ್ದಾಗ, ಪಟ್ಟಣದಲ್ಲಿದ್ದಾಗ ನೋವು ಬರಬಹುದು. ನಿಮ್ಮ ಅಪ್ಪಣೆಗೆ ಕಾಯದೆ ಹೊರಡಬೇಕೆಂದು ಮನೆಯವರೆಲ್ಲರ ಎದುರಿಗೆ ಇಂದೇ ಹೇಳಿಬಿಡಿರಿ, ಖರ್ಚಿನ ಹಣವನ್ನು ಅವಳ ಕೈಯಲ್ಲಿಯೇ ಕೊಟ್ಟಿಡಿರಿ. ಹೆಣ್ಣಿಗೆ ಹೆರಿಗೆ ಮರುಹುಟ್ಟು ಎನ್ನುತ್ತಾರೆ. ಹೆರುವ ಬಲ ಅವಳದು; ಹೊತ್ತಿಗೆ ಸರಿಯಾಗಿ ಬಾಗಿಲು ಮುಟ್ಟಿಸುವ ಹೊಣೆ ನಮ್ಮದು.